ಸ್ವತಂತ್ರ ವೆಬ್ ಡಿಸೈನರ್ ತನ್ನ ಕೆಲಸಕ್ಕೊಂದು ಹೆಸರು ಇಟ್ಟುಕೊಳ್ಳುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ವಂತವಾಗಿ ವೆಬ್ ಡಿಸೈನ್ ಕೆಲಸ ಶುರು ಮಾಡುವವರು ಮೊದಲು ಸಿಕ್ಕಿಹಾಕಿಕೊಳ್ಳುವುದು ಹೆಸರಿನಲ್ಲಿ. ಪೋರ್ಟ್‌ಫೋಲಿಯೊ ಸಿದ್ಧವಿರುತ್ತದೆ, ಮೊದಲ ಕ್ಲೈಂಟ್ ಕೂಡ ಕಾಯುತ್ತಿರುತ್ತಾರೆ. ಆದರೆ ಹೆಸರು ಗಟ್ಟಿಯಾಗದೆ ಡೊಮೈನ್ (ಸೈಟಿನ ವಿಳಾಸ) ಕೊಂಡಿರುವುದಿಲ್ಲ, ಡೊಮೈನ್ ಇಲ್ಲದೆ ಇಮೇಲ್ ಇಲ್ಲ, ಇಮೇಲ್ ಇಲ್ಲದೆ ಕೊಟೇಶನ್ ಹೋಗಿರುವುದಿಲ್ಲ. ಈ ಕೆಲಸಕ್ಕೆ ಹೊಸದಾಗಿ ಬಂದವರು ನನ್ನನ್ನು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಉತ್ತರಗಳ ಹಿಂದೆ ಇರುವ ನಂಬಿಕೆ ಒಂದೇ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮಂಥವರಿಗೆ ಕೆಲಸ ಬರುವುದು ಬಹುಪಾಲು ಒಬ್ಬರು ಇನ್ನೊಬ್ಬರಿಗೆ ಹೇಳುವುದರಿಂದ. ಆದ್ದರಿಂದ ಹೆಸರು ಬಾಯಿಂದ ಕಿವಿಗೆ, ಕಿವಿಯಿಂದ ಕೀಬೋರ್ಡಿನ ಮೇಲಿರುವ ಬೆರಳಿಗೆ ಎಲ್ಲೂ ಮುಕ್ಕಾಗದೆ ತಲುಪಬೇಕು. ಮಿಕ್ಕ ಗುಣಗಳೆಲ್ಲ ಆಮೇಲೆ.

ನನ್ನ ಸ್ವಂತ ಹೆಸರೇ ಸಾಕೇ, ಅಥವಾ ಬೇರೆ ಹೆಸರು ಬೇಕೇ?

ಒಬ್ಬರೇ ಕೆಲಸ ಮಾಡುವವರಿಗೆ, ಮುಂದೆಯೂ ಒಬ್ಬರೇ ಇರಬೇಕೆಂದು ಬಯಸುವವರಿಗೆ ಸ್ವಂತ ಹೆಸರೇ ಒಳ್ಳೆಯದು ಎನ್ನುವುದು ನನ್ನ ಅಭಿಪ್ರಾಯ. ಕ್ಲೈಂಟ್ ನೆನಪಿಟ್ಟುಕೊಳ್ಳುವುದು ನಿಮ್ಮನ್ನು. ಫೋನಿನಲ್ಲಿ ಮಾತನಾಡಿದ್ದು ನಿಮ್ಮೊಡನೆ, ಸೈಟ್ ರಾತ್ರಿ ಬಿದ್ದಾಗ ಎತ್ತಿ ನಿಲ್ಲಿಸಿದ್ದು ನೀವು. ಅವರು ತಮ್ಮ ಪರಿಚಯದವರಿಗೆ ಹೇಳುವಾಗಲೂ ಸಹಜವಾಗಿ ಬಾಯಿಗೆ ಬರುವುದು ನಿಮ್ಮ ಹೆಸರೇ. ಇನ್ನೊಂದು ಹೆಸರು ಇಟ್ಟರೆ ಅವರು ಎರಡೆರಡು ಹೆಸರು ನೆನಪಿಡಬೇಕಾಗುತ್ತದೆ. ಇಂದು ಸೈಟ್ ಕಟ್ಟುವವರು ನಾಳೆ ಬರವಣಿಗೆಗೋ ಪಾಠ ಹೇಳುವುದಕ್ಕೋ ಹೊರಳಿದರೂ ಸ್ವಂತ ಹೆಸರು ಜೊತೆಗೇ ಬರುತ್ತದೆ.

ಇದು ಕೈಕೊಡುವ ಸಂದರ್ಭಗಳೂ ಇವೆ. ನಿಮ್ಮ ಹೆಸರು ತೀರಾ ಸಾಮಾನ್ಯವಾಗಿದ್ದರೆ ಹುಡುಕಿದಾಗ ಅದೇ ಹೆಸರಿನ ನೂರು ಜನ ನಿಮಗಿಂತ ಮುಂದೆ ನಿಲ್ಲುತ್ತಾರೆ. ಬರೆಯಲು ಕಷ್ಟವಾಗಿದ್ದರೆ ಇಮೇಲ್ ದಾರಿ ತಪ್ಪುತ್ತದೆ. ಅದೇ ಹೆಸರಿನ ಪ್ರಸಿದ್ಧರೊಬ್ಬರು ಇದ್ದರಂತೂ ಮುಗಿಯಿತು. ಒಂದು ದಿನ ಈ ವ್ಯವಹಾರವನ್ನು ಮಾರಬೇಕು, ಅಥವಾ ಇನ್ನಿಬ್ಬರನ್ನು ಸೇರಿಸಿಕೊಂಡು ಬೆಳೆಸಬೇಕು ಎಂಬ ಯೋಚನೆ ಇದ್ದರೂ ಬೇರೆ ಹೆಸರು ಲೇಸು. ನಿಮ್ಮ ಹೆಸರಿನ ಸಂಸ್ಥೆಯನ್ನು ಕೊಂಡವರು ಅದರೊಳಗೆ ನೀವಿಲ್ಲದೆ ಏನು ಮಾಡಿಯಾರು? ಕೆಲಸಕ್ಕೆ ಸೇರಿದವರಿಗೂ ಕಷ್ಟವೇ: ಬೋರ್ಡಿನ ಮೇಲೆ ಹೆಸರಿರುವವರ ಹೊರತು ಬೇರೆ ಯಾರ ಜೊತೆಗೂ ಮಾತನಾಡಲು ಕ್ಲೈಂಟ್‌ಗಳು ಒಪ್ಪುವುದಿಲ್ಲ.

ನಡುವಿನ ದಾರಿಯೂ ಇದೆ: ಹೆಸರಿನ ಒಂದು ಭಾಗದ ಜೊತೆಗೆ ‘ಡಿಸೈನ್’, ‘ಸ್ಟುಡಿಯೊ’ ಅಂಥ ಒಂದು ಪದ. ಡೊಮೈನ್ ಸಿಗುವುದೂ ಸುಲಭ, ನಿಮ್ಮ ಗುರುತೂ ಉಳಿಯುತ್ತದೆ.

ಒಬ್ಬನೇ ಇದ್ದು ‘ಸ್ಟುಡಿಯೊ’, ‘ಏಜೆನ್ಸಿ’ ಎಂದು ಹೆಸರಿಡಬಹುದೇ? ಸೈಟಿನಲ್ಲಿ ‘ನಾವು’ ಎಂದು ಬರೆಯಬಹುದೇ?

‘ಸ್ಟುಡಿಯೊ’ ಪರವಾಗಿಲ್ಲ. ಅದು ಕೆಲಸ ಮಾಡುವ ಜಾಗ, ಒಬ್ಬರೇ ಚಿತ್ರ ಬರೆಯುವ ಕೋಣೆಗೂ ಆ ಹೆಸರಿದೆ. ‘ಏಜೆನ್ಸಿ’ ಅಥವಾ ‘ಗ್ರೂಪ್’ ಎಂದರೆ ಹಲವರು ಇದ್ದಾರೆ ಎಂದು ಕೇಳಿದವರು ತಿಳಿಯುತ್ತಾರೆ. ಮೊದಲ ಮೀಟಿಂಗ್‌ನಲ್ಲೇ ‘ನಿಮ್ಮ ಟೀಮಿನಲ್ಲಿ ಎಷ್ಟು ಜನ?’ ಎಂಬ ಪ್ರಶ್ನೆ ಬರುತ್ತದೆ. ಅಲ್ಲಿ ತಡವರಿಸಿದರೆ ಆಮೇಲೆ ಹೇಳುವ ನಿಜವನ್ನೂ ಅವರು ಅನುಮಾನದಿಂದಲೇ ಕೇಳುತ್ತಾರೆ. ಕ್ಲೈಂಟ್‌ಗಳಲ್ಲಿ ಅನೇಕರು ದೊಡ್ಡ ಸಂಸ್ಥೆ ಬಿಟ್ಟು ನಮ್ಮಂಥವರ ಹತ್ತಿರ ಬರುವುದೇ ಮಾತನಾಡಿದವರೇ ಕೆಲಸವನ್ನೂ ಮಾಡುತ್ತಾರೆ ಎಂಬ ಕಾರಣಕ್ಕೆ. ಅದನ್ನು ಮುಚ್ಚಿಡುವುದೇಕೆ? ‘ನಾನು’ ಎಂದೇ ಬರೆಯಿರಿ.

‘ಲಿಮಿಟೆಡ್’ ತರಹದ ಪದಗಳ ವಿಷಯ ಬೇರೆ. ಅವು ಕಾನೂನಿನ ಪದಗಳು. ಆ ರೂಪದಲ್ಲಿ ನೋಂದಣಿ ಆಗದೆ ಬಳಸುವಂತಿಲ್ಲ.

ಹೆಸರು ಒಳ್ಳೆಯದೋ ಅಲ್ಲವೋ ಎಂದು ಪರೀಕ್ಷಿಸುವುದು ಹೇಗೆ?

ಫೋನ್ ಮಾಡಿ. ನಿಮ್ಮ ಕೆಲಸದ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಕರೆ ಮಾಡಿ, ಹೆಸರನ್ನು ಒಂದೇ ಸಲ ಹೇಳಿ, ಕೇಳಿದ್ದನ್ನು ಬರೆದು ಮೆಸೇಜ್ ಕಳಿಸಿ ಎನ್ನಿ. ಅಕ್ಷರ ಬಿಡಿಸಿ ಹೇಳಬೇಡಿ. ಹೀಗೆ ಐದು ಜನರನ್ನು ಕೇಳಿ; ನಾಲ್ವರು ಸರಿಯಾಗಿ ಬರೆದರೆ ಹೆಸರು ಗಟ್ಟಿ. ಇಬ್ಬರು ತಪ್ಪಿದರೆ ಆ ಹೆಸರನ್ನು ಬಿಡಿ, ಎಷ್ಟೇ ಇಷ್ಟವಾಗಿದ್ದರೂ. ಎರಡು ದಿನ ಬಿಟ್ಟು ಅವರಿಗೇ ಮತ್ತೆ ಕರೆ ಮಾಡಿ ‘ಮೊನ್ನೆ ಹೇಳಿದ ಹೆಸರು ಏನು?’ ಎಂದು ಕೇಳಿ. ಆ ಎರಡನೆಯ ಕರೆ ಮೊದಲನೆಯದಕ್ಕಿಂತ ಹೆಚ್ಚು ಕಲಿಸುತ್ತದೆ.

ಕಿವಿ ಎಷ್ಟು ಮೋಸ ಮಾಡುತ್ತದೆ ಎನ್ನುವುದಕ್ಕೆ ಅಮೆಜಾನ್ ಸಾಕ್ಷಿ. 1994ರಲ್ಲಿ ಜೆಫ್ ಬೆಜೋಸ್ ತಮ್ಮ ಕಂಪನಿಗೆ ಮೊದಲು ಇಟ್ಟದ್ದು ‘ಕಡಾಬ್ರಾ’ ಎಂಬ ಹೆಸರು, ಮಂತ್ರ ಹಾಕುವಾಗ ಹೇಳುವ ‘ಅಬ್ರಕಡಾಬ್ರಾ’ದಿಂದ ತೆಗೆದದ್ದು. ಫೋನಿನಲ್ಲಿ ಅದು ವಕೀಲರ ಕಿವಿಗೆ ‘ಕಡಾವರ್’ ಎಂದು ಬಿತ್ತು. ಇಂಗ್ಲಿಷ್‌ನಲ್ಲಿ ಹಾಗೆಂದರೆ ಹೆಣ. ಹೆಸರು ಬದಲಾಯಿತು.

ಕಾಗುಣಿತ ತಿರುಚಿದ ಹೆಸರುಗಳದು ಇನ್ನೊಂದು ಬಗೆಯ ತೊಂದರೆ. 2004ರಲ್ಲಿ ಬಂದ, ಫೋಟೊ ಹಂಚಿಕೊಳ್ಳುವ ಸೇವೆ ಫ್ಲಿಕರ್ ಕೊನೆಯ ‘ಆರ್’ಗೆ ಮುಂಚಿನ ‘ಇ’ ಅಕ್ಷರವನ್ನು ಬಿಟ್ಟಿತು, ಏಕೆಂದರೆ ಪೂರ್ತಿ ಕಾಗುಣಿತದ ಡೊಮೈನ್ ಬೇರೆಯವರ ಹತ್ತಿರ ಇತ್ತು. ಅಂಥ ದೊಡ್ಡ ಸೇವೆಯನ್ನು ಜನ ದಿನಾ ತೆರೆಯುತ್ತಾರೆ, ಬಳಸಿ ಬಳಸಿ ವಿಚಿತ್ರ ಕಾಗುಣಿತವೂ ಬೆರಳಿಗೆ ರೂಢಿಯಾಗುತ್ತದೆ. ನಮ್ಮ ಹೆಸರನ್ನು ಒಬ್ಬ ಕ್ಲೈಂಟ್ ಎರಡು ವರ್ಷಕ್ಕೊಮ್ಮೆ ಟೈಪ್ ಮಾಡಿದರೆ ಹೆಚ್ಚು. ನಾನೂ ಶುರುವಿನಲ್ಲಿ ಒಂದು ಸ್ವರ ಬಿಟ್ಟ ಹೆಸರು ಇಟ್ಟುಕೊಂಡಿದ್ದೆ. ಹಳೆಯ ಕ್ಲೈಂಟ್ ಒಬ್ಬರು ತಮ್ಮ ಸ್ನೇಹಿತರಿಗೆ ಫೋನಿನಲ್ಲಿ ನನ್ನ ಹೆಸರು ಹೇಳಿದರು. ಆ ಸ್ನೇಹಿತರು ಸಹಜವಾಗಿಯೇ ಪೂರ್ತಿ ಕಾಗುಣಿತ ಹಾಕಿ ಇಮೇಲ್ ಕಳಿಸಿದರು, ಅದು ಬೇರೊಂದು ಡೊಮೈನಿಗೆ ಹೋಯಿತು. ನಾನು ಉತ್ತರ ಕೊಡಲಿಲ್ಲ ಎಂದು ತಿಳಿದು ಕೆಲಸವನ್ನು ಇನ್ನೊಬ್ಬರಿಗೆ ಕೊಟ್ಟರು. ಅದು ನನಗೆ ತಿಳಿದದ್ದು ತಿಂಗಳುಗಳ ನಂತರ. ಹಾಗೆ ನನಗೆ ಗೊತ್ತೇ ಆಗದೆ ಎಷ್ಟು ಪತ್ರಗಳು ಹೋಗಿರಬಹುದು ಎನ್ನುವುದು ಇವತ್ತಿಗೂ ಕಾಡುತ್ತದೆ.

ಹೆಸರನ್ನು ಅಕ್ಷರಗಳ ಸಂಕ್ಷೇಪವಾಗಿ ಇಡಬಹುದೇ?

ಬೇಡ ಎನ್ನುತ್ತೇನೆ. ‘ಬಿ, ಡಿ, ಪಿ, ಟಿ’ ಫೋನಿನಲ್ಲಿ ಹೆಚ್ಚುಕಡಿಮೆ ಒಂದೇ ಸದ್ದು. ‘ಎಂ’ ಮತ್ತು ‘ಎನ್’ ಕೂಡ. ವಿಮಾನ ಚಾಲಕರು ‘ಆಲ್ಫಾ, ಬ್ರಾವೊ, ಚಾರ್ಲಿ’ ಎಂದು ಅಕ್ಷರ ಹೇಳುವ ಪದ್ಧತಿ 1956ರಲ್ಲಿ ಜಾರಿಗೆ ಬಂದದ್ದು ಈ ಗೊಂದಲ ತಪ್ಪಿಸುವುದಕ್ಕೇ. ಜೊತೆಗೆ ಮೂರಕ್ಷರದ ಡಾಟ್ ಕಾಮ್ ಡೊಮೈನ್‌ಗಳು ಎಂದೋ ಖಾಲಿಯಾಗಿವೆ.

ಕನ್ನಡ ಪದವನ್ನೇ ಹೆಸರಾಗಿ ಇಟ್ಟುಕೊಳ್ಳಬೇಕೆಂಬ ಆಸೆ. ಸರಿಯೇ?

ಆಸೆ ಸರಿಯಾದದ್ದೇ, ನನಗೂ ಇಷ್ಟ. ಇಂಗ್ಲಿಷ್ ಪದಗಳ ಜಾತ್ರೆಯಲ್ಲಿ ಕನ್ನಡದ ಒಂದು ಪದ ತಾನಾಗಿಯೇ ಎದ್ದು ಕಾಣುತ್ತದೆ, ಡೊಮೈನ್ ಸಿಗುವ ಅವಕಾಶವೂ ಹೆಚ್ಚು. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಜನ ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಕನ್ನಡದ ಪದ ಇಂಗ್ಲಿಷ್ ಅಕ್ಷರಕ್ಕೆ ಇಳಿಯುವಾಗ ಒಂದೇ ರೂಪದಲ್ಲಿ ಇಳಿಯುವುದು ಅಪರೂಪ.

‘ಹೂವು’ ತೆಗೆದುಕೊಳ್ಳಿ. ಮೊದಲಕ್ಷರದ ದೀರ್ಘಕ್ಕೆ ಒಬ್ಬರು ಎರಡು ‘ಓ’ ಹಾಕುತ್ತಾರೆ, ಇನ್ನೊಬ್ಬರು ಒಂದು ‘ಯು’, ಮತ್ತೊಬ್ಬರು ಎರಡು ‘ಯು’. ‘ವು’ ಬರೆಯಲು ‘ವಿ’ ಅಕ್ಷರವೋ ‘ಡಬ್ಲ್ಯು’ ಅಕ್ಷರವೋ ಎಂಬುದು ಬೇರೆ. ಒಂದು ಪುಟ್ಟ ಪದಕ್ಕೆ ಆರು ಡೊಮೈನ್ ಆಯಿತು. ‘ಬಣ್ಣ’ದಲ್ಲಿ ‘ಎನ್’ ಒಂದೋ ಎರಡೋ, ‘ಚಿತ್ತಾರ’ದಲ್ಲಿ ‘ಟಿ’ ಎಷ್ಟು, ‘ಎಚ್’ ಎಷ್ಟು, ‘ಕ್ಷ’ಕ್ಕೆ ‘ಎಕ್ಸ್’ ಹಾಕಬೇಕೋ ‘ಕೆ’ ಮತ್ತು ‘ಎಸ್‌ಎಚ್’ ಹಾಕಬೇಕೋ, ಇದಕ್ಕೆಲ್ಲ ಒಪ್ಪಿತ ನಿಯಮ ಜನರ ಬೆರಳಲ್ಲಿ ಇಲ್ಲ. ‘ಳ’ ಮತ್ತು ‘ಲ’ ಎರಡೂ ಒಂದೇ ‘ಎಲ್’ ಆಗಿ ಅರ್ಥ ಬದಲಾಗುವುದೂ ಉಂಟು: ‘ಬಳೆ’ ಮತ್ತು ‘ಬಲೆ’ ಇಂಗ್ಲಿಷ್ ಅಕ್ಷರದಲ್ಲಿ ಬೇರೆ ಬೇರೆಯಾಗಿ ಉಳಿಯುವುದಿಲ್ಲ.

ಇನ್ನೊಂದು ದಿಕ್ಕಿನಿಂದಲೂ ನೋಡಬೇಕು. ‘ಮನೆ’ ಎಂದು ನೀವು ಬರೆದದ್ದನ್ನು ಕನ್ನಡ ಬಾರದವರು ‘ಮೇನ್’ ಎಂದು ಓದುತ್ತಾರೆ, ಅವರಿಗೆ ಅದು ಕುದುರೆಯ ಕತ್ತಿನ ಕೂದಲು. ‘ಕರೆ’ ಅವರ ಬಾಯಲ್ಲಿ ‘ಕೇರ್’ ಆಗುತ್ತದೆ.

ಹಾಗಾದರೆ ಯಾವ ಪದ ನಿಲ್ಲುತ್ತದೆ? ದೀರ್ಘ, ಒತ್ತಕ್ಷರ, ಮಹಾಪ್ರಾಣ ಇಲ್ಲದ, ಎರಡು ಮೂರು ಅಕ್ಷರದ ಪದಗಳು. ‘ನದಿ’ಯನ್ನು ಹತ್ತು ಜನರಿಂದ ಬರೆಸಿ, ಬಹುಪಾಲು ಒಂದೇ ತರಹ ಬರೆಯುತ್ತಾರೆ. ನಿಮ್ಮ ಮನಸ್ಸಿನಲ್ಲಿರುವ ಪದಕ್ಕೂ ಹೀಗೇ ಮಾಡಿ. ಎರಡು ರೂಪಗಳ ನಡುವೆ ಜನ ಹಂಚಿಹೋದರೆ ಎರಡೂ ಡೊಮೈನ್ ಕೊಂಡು ಒಂದನ್ನು ಇನ್ನೊಂದಕ್ಕೆ ತಿರುಗಿಸಬಹುದು. ಮೂರು ನಾಲ್ಕು ರೂಪವಾದರೆ ಆ ಪದವನ್ನು ಬೇರೆ ಕೆಲಸಕ್ಕೆ ಉಳಿಸಿಕೊಳ್ಳಿ.

ಕನ್ನಡ ಲಿಪಿಯಲ್ಲೇ ಡೊಮೈನ್ ಮಾಡಿಸಲು ಆಗುವುದಿಲ್ಲವೇ?

ಆಗುತ್ತದೆ. ಡೊಮೈನ್ ವ್ಯವಸ್ಥೆಗೆ ಒಳಗೊಳಗೆ ಗೊತ್ತಿರುವುದು ಇಂಗ್ಲಿಷ್‌ನ 26 ಅಕ್ಷರ, ಹತ್ತು ಅಂಕಿ ಮತ್ತು ಹೈಫನ್ ಮಾತ್ರ. ಬೇರೆ ಲಿಪಿಗಳನ್ನು ಈ ಅಕ್ಷರಗಳಿಗೆ ಮಾರ್ಪಡಿಸುವ ‘ಪ್ಯೂನಿಕೋಡ್’ ಎಂಬ ವಿಧಾನ 2003ರಲ್ಲಿ ಬಂತು. ಬ್ರೌಸರ್ ಅದನ್ನು ತಾನೇ ಮಾಡಿಕೊಳ್ಳುತ್ತದೆ. ತೊಂದರೆ ಇರುವುದು ಇಮೇಲಿನಲ್ಲಿ. ಕನ್ನಡ ಲಿಪಿಯ ಇಮೇಲ್ ವಿಳಾಸವನ್ನು ಇನ್ನೂ ಎಷ್ಟೋ ಫಾರಂಗಳು ತಪ್ಪು ವಿಳಾಸ ಎಂದು ತಿರಸ್ಕರಿಸುತ್ತವೆ. ಕೆಲವು ಕಡೆ ಅಂಟಿಸಿದ ಲಿಂಕ್ ಅರ್ಥವಾಗದ ಅಕ್ಷರಗಳ ಸಾಲಾಗಿ ಕಾಣುತ್ತದೆ. ಆದ್ದರಿಂದ ಅದು ಎರಡನೆಯ ಬಾಗಿಲಾಗಿ ಇರಲಿ, ಮೊದಲ ಬಾಗಿಲು ಆಗುವ ಕಾಲ ಇನ್ನೂ ಬಂದಿಲ್ಲ. ಲೋಗೊದಲ್ಲಿ ಕನ್ನಡ ಅಕ್ಷರಗಳನ್ನು ಧಾರಾಳವಾಗಿ ಬಳಸಿ. ಕನ್ನಡದ ದುಂಡು ಅಕ್ಷರಗಳಿಗಿರುವ ಚೆಲುವು ಲೋಗೊ ಬರೆಯುವವರಿಗೆ ಸಿಕ್ಕ ಆಸ್ತಿ.

ಹೆಸರಿನಲ್ಲಿ ‘ವೆಬ್ ಡಿಸೈನ್’ ಎಂದು ಇದ್ದರೆ ಗೂಗಲ್‌ನಲ್ಲಿ ಮೇಲೆ ಬರುತ್ತದಂತೆ, ಹೌದೇ?

ಒಂದು ಕಾಲದಲ್ಲಿ ಹುಡುಕುವ ಪದಗಳೇ ಡೊಮೈನ್ ಆಗಿದ್ದರೆ ಅನುಕೂಲವಿತ್ತು. 2012ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಅಂಥ ಕಳಪೆ ಸೈಟುಗಳನ್ನು ಕೆಳಗಿಳಿಸುವ ಬದಲಾವಣೆ ತಂದಿತು. ಒಳ್ಳೆಯ ಸೈಟಿಗೆ ಆ ಪದಗಳಿಂದ ಕೇಡಿಲ್ಲ, ಆದರೆ ಹೆಸರನ್ನು ಅದಕ್ಕಾಗಿ ಬಲಿ ಕೊಡುವಷ್ಟು ಲಾಭವೂ ಇಲ್ಲ. ಏನು ಕೆಲಸ ಮಾಡುತ್ತೀರಿ ಎಂಬುದನ್ನು ಪುಟದ ಶೀರ್ಷಿಕೆ ಹೇಳಲಿ, ಹೆಸರಿನ ಕೆಳಗಿನ ಒಂದು ಸಾಲು ಹೇಳಲಿ. ಗೂಗಲ್‌ನ ಬಿಸಿನೆಸ್ ಪ್ರೊಫೈಲ್‌ನಲ್ಲಂತೂ ನಿಜವಾದ ಹೆಸರಿಗೆ ಕೀವರ್ಡ್ (ಜನ ಹುಡುಕುವ ಪದ) ಸೇರಿಸುವುದು ನಿಯಮಕ್ಕೇ ವಿರುದ್ಧ.

ಕೆಲಸದ ಹೆಸರನ್ನೇ ಹೆಸರಾಗಿಟ್ಟರೆ ಅದು ಕೆಲಸ ಬದಲಾದಾಗ ಕಾಲಿಗೆ ತೊಡರುತ್ತದೆ. ‘37 ಸಿಗ್ನಲ್ಸ್’ ಕಂಪನಿಯ ಕಥೆ ನೋಡಿ. 1999ರಲ್ಲಿ ಶುರುವಾದಾಗ ಅದು ವೆಬ್ ಡಿಸೈನ್ ಮಾಡಿಕೊಡುವ ಚಿಕ್ಕ ತಂಡ. ಬಾಹ್ಯಾಕಾಶದಿಂದ ಬಂದು ವಿವರಣೆ ಸಿಗದೆ ಉಳಿದ 37 ರೇಡಿಯೊ ಸಂಕೇತಗಳಿಂದ ಬಂದದ್ದು ಆ ಹೆಸರು. 2004ರಲ್ಲಿ ಅವರು ಬೇಸ್‌ಕ್ಯಾಂಪ್ ಎಂಬ ಸಾಫ್ಟ್‌ವೇರ್ ಹೊರತಂದರು, ಕ್ರಮೇಣ ಡಿಸೈನ್ ಕೆಲಸ ನಿಲ್ಲಿಸಿದರು. ಹೆಸರು ಹಾಗೇ ನಡೆಯಿತು, ಏಕೆಂದರೆ ಅದರಲ್ಲಿ ‘ಡಿಸೈನ್’ ಎಂಬ ಪದ ಇರಲಿಲ್ಲ. 2014ರಲ್ಲಿ ಒಂದೇ ಉತ್ಪನ್ನದ ಮೇಲೆ ನಿಲ್ಲುತ್ತೇವೆ ಎಂದು ಕಂಪನಿಯ ಹೆಸರನ್ನೇ ಬೇಸ್‌ಕ್ಯಾಂಪ್ ಮಾಡಿಕೊಂಡರು. ಮುಂದೆ ಇನ್ನೊಂದು ಉತ್ಪನ್ನ ಬಂತು. 2022ರಲ್ಲಿ ಹಳೆಯ ಹೆಸರಿಗೇ ಮರಳಿದರು. ಅಗಲವಾದ ಹೆಸರು ಎರಡು ದಶಕದ ತಿರುವುಗಳನ್ನು ತಾಳಿತು, ಒಂದು ಉತ್ಪನ್ನಕ್ಕೆ ಕಟ್ಟಿಕೊಂಡ ಹೆಸರು ಎಂಟು ವರ್ಷಕ್ಕೆ ಬಿಗಿಯಾಯಿತು.

‘ಪಿಕ್ಸೆಲ್’, ‘ಕೋಡ್’, ‘ಡಿಜಿಟಲ್’, ‘ಕ್ರಿಯೇಟಿವ್’ ಪದಗಳು?

ನಿಮ್ಮ ಕ್ಲೈಂಟ್ ಮೂರು ಜನರಿಂದ ಕೊಟೇಶನ್ ತರಿಸಿಕೊಂಡಿರುತ್ತಾರೆ. ಮೂವರ ಹೆಸರಲ್ಲೂ ‘ಪಿಕ್ಸೆಲ್’ ಇದ್ದರೆ ಯಾರ ದರ ಯಾವುದು ಎಂಬುದೇ ಅವರಿಗೆ ನೆನಪಿರುವುದಿಲ್ಲ.

ಹೆಸರು ಹೊಳೆಯುತ್ತಲೇ ಇಲ್ಲ. ಎಲ್ಲಿಂದ ಶುರು ಮಾಡಲಿ?

ಕಂಪ್ಯೂಟರಿನಿಂದ ದೂರ, ಕಾಗದದ ಮೇಲೆ. ವೆಬ್ಬಿಗೆ ಸಂಬಂಧವೇ ಇಲ್ಲದ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಲೋಕವನ್ನು ಆರಿಸಿಕೊಳ್ಳಿ: ನೇಯ್ಗೆ, ಮರಗೆಲಸ, ಹಕ್ಕಿಗಳು, ಅಚ್ಚುಕೂಟ, ಸಂಗೀತ, ಯಾವುದಾದರೂ. ಅಲ್ಲಿನ ಸಲಕರಣೆ, ಕ್ರಿಯೆ, ಭಾಗಗಳ ಹೆಸರನ್ನು ಬರೆಯುತ್ತಾ ಹೋಗಿ. ಐವತ್ತು ಪದ ದಾಟುವವರೆಗೆ ನಿಲ್ಲಿಸಬೇಡಿ. ಮೊದಲ ಇಪ್ಪತ್ತು ಎಲ್ಲರಿಗೂ ಹೊಳೆಯುವಂಥವು, ನಿಮ್ಮವು ಎನ್ನುವ ಪದಗಳು ಆಮೇಲೆ ಬರುತ್ತವೆ. ನೇಯ್ಗೆಯ ಹಾಸು, ಹೊಕ್ಕು, ಲಾಳಿ, ಅಂಚು, ಸೆರಗು. ಮರಗೆಲಸದ ಉಳಿ, ಕೀಲು, ಬೆಣೆ. ಮಗ್ಗದ ಬಗ್ಗೆ ತಿಳಿದವರಿಗೆ ‘ಹಾಸು ಹೊಕ್ಕು’ ವೆಬ್ ಪುಟವನ್ನು ಅಡ್ಡ ಉದ್ದ ಗೆರೆಗಳಲ್ಲಿ ಭಾಗಿಸುವ ಗ್ರಿಡ್‌ಗೆ ಎಷ್ಟು ಹತ್ತಿರ ಎಂದು ಹೇಳಬೇಕಾಗಿಲ್ಲ.

ಹೀಗೆ ಬೇರೆ ಲೋಕದ ಪದವನ್ನು ತರುವುದಕ್ಕೆ ಕಾನೂನಿನ ಬಲವೂ ಇದೆ. ಟ್ರೇಡ್‌ಮಾರ್ಕ್ (ವ್ಯವಹಾರದ ಹೆಸರಿನ ಮೇಲೆ ಕಾನೂನು ಕೊಡುವ ಹಕ್ಕು) ವಿಷಯದಲ್ಲಿ ನ್ಯಾಯಾಲಯಗಳು ಹೆಸರುಗಳನ್ನು ಏಣಿಯಂತೆ ನೋಡುತ್ತವೆ. ವಸ್ತುವಿನ ಸಾಮಾನ್ಯ ಹೆಸರು ಯಾರ ಸೊತ್ತೂ ಆಗದು. ಕೆಲಸವನ್ನು ವರ್ಣಿಸುವ ಪದಕ್ಕೆ ರಕ್ಷಣೆ ತೀರಾ ತೆಳು. ಸೂಚ್ಯವಾಗಿ ಹೇಳುವ ಪದ ಅದಕ್ಕಿಂತ ಗಟ್ಟಿ. ಸಂಬಂಧವಿಲ್ಲದ ಲೋಕದಿಂದ ತಂದ ಪದ, ಕಂಪ್ಯೂಟರಿಗೆ ‘ಆ್ಯಪಲ್’ ಎಂದ ಹಾಗೆ, ಇನ್ನೂ ಗಟ್ಟಿ. ಹೊಸದಾಗಿ ಹುಟ್ಟಿಸಿದ ಪದ ಎಲ್ಲಕ್ಕಿಂತ ಮೇಲೆ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ತನ್ನ ಕ್ಯಾಮೆರಾಕ್ಕೆ ಹುಟ್ಟಿಸಿದ ‘ಕೊಡಾಕ್’ ಅಂಥದ್ದು. ಆತನಿಗೆ ‘ಕೆ’ ಅಕ್ಷರ ಇಷ್ಟವಿತ್ತು, ಹಾಗಾಗಿ ಅದರಿಂದಲೇ ಶುರುವಾಗಿ ಅದರಲ್ಲೇ ಮುಗಿಯುವ ಪದ ಕಟ್ಟಿದ. ಹುಟ್ಟಿಸಿದ ಪದಕ್ಕೆ ಅರ್ಥ ತುಂಬಲು ವರ್ಷಗಳು ಬೇಕು, ಒಬ್ಬರೇ ಇರುವವರಿಗೆ ಅದು ಭಾರ. ಎರವಲು ತಂದ ಪದವೇ ನಮಗೆ ಹೊಂದುತ್ತದೆ.

ಎಐ ಕೊಟ್ಟ ಹೆಸರು ಬಳಸಬಹುದೇ?

ಪಟ್ಟಿ ಮಾಡಿಸಿಕೊಳ್ಳಿ, ಪದಗಳು ಕಣ್ಣಿಗೆ ಬೀಳಲಿ. ಆದರೆ ನಿಮಗೆ ಕೊಟ್ಟ ಹೆಸರನ್ನೇ ಅದು ಇನ್ನೊಬ್ಬ ಡಿಸೈನರ್‌ಗೂ ಕೊಟ್ಟಿರಬಹುದು. ‘ಈ ಹೆಸರು ಯಾರ ಹತ್ತಿರವೂ ಇಲ್ಲ’ ಎಂದು ಅದು ಹೇಳಿದರೆ ನಂಬಬೇಡಿ, ನೀವೇ ಹುಡುಕಿ ನೋಡಿ.

ಡಾಟ್ ಕಾಮ್ ಸಿಗಲಿಲ್ಲ. ಹೆಸರನ್ನೇ ಬಿಟ್ಟುಬಿಡಬೇಕೇ?

ಮೊದಲು ಆ ವಿಳಾಸ ತೆರೆದು ನೋಡಿ. ಅಲ್ಲಿ ಇನ್ನೊಬ್ಬ ಡಿಸೈನರ್ ಇದ್ದರೆ ಹೆಸರನ್ನು ಬಿಡಿ, ಎರಡನೆಯ ಯೋಚನೆ ಬೇಡ. ನಿಮ್ಮ ಹೆಸರು ಕೇಳಿದವರಲ್ಲಿ ಒಂದಷ್ಟು ಜನ ಅಭ್ಯಾಸಬಲದಿಂದ ಡಾಟ್ ಕಾಮ್ ಹೊಡೆಯುತ್ತಾರೆ, ನಿಮ್ಮ ಕೆಲಸ ಅವರ ಮನೆ ಸೇರುತ್ತದೆ. ಸಂಬಂಧವಿಲ್ಲದ ವ್ಯವಹಾರವೋ ಖಾಲಿ ಪುಟವೋ ಇದ್ದರೆ ಬೇರೆ ಕೊನೆಯನ್ನು, ಅಂದರೆ ವಿಳಾಸದ ಕಡೆಯ ಚುಕ್ಕಿಯ ನಂತರ ಬರುವ ಭಾಗವನ್ನು, ಯೋಚಿಸಬಹುದು.

2013ರ ಕೊನೆಯಿಂದ ನೂರಾರು ಹೊಸ ಕೊನೆಗಳು ಬಂದಿವೆ, ‘ಡಾಟ್ ಡಿಸೈನ್’, ‘ಡಾಟ್ ಸ್ಟುಡಿಯೊ’ ಅವುಗಳಲ್ಲಿ ನಮಗೆ ಒಗ್ಗುವಂಥವು. ಹುಡುಕಾಟದ ಫಲಿತಾಂಶದಲ್ಲಿ ಇವುಗಳಿಗೆ ಮೇಲುಕೀಳು ಮಾಡುವುದಿಲ್ಲ ಎಂದು ಗೂಗಲ್ ಹೇಳಿದೆ. ಆದರೆ ಕೊಳ್ಳುವ ಮೊದಲು ಎರಡನೆಯ ವರ್ಷದ ದರ ನೋಡಿ. ಮೊದಲ ವರ್ಷ ಅಗ್ಗಕ್ಕೆ ಕೊಟ್ಟು ನವೀಕರಣಕ್ಕೆ ಹಲವು ಪಟ್ಟು ಕೇಳುವುದು ಈ ವ್ಯಾಪಾರದಲ್ಲಿ ಸಾಮಾನ್ಯ. ‘ಪ್ರೀಮಿಯಂ’ ಎಂಬ ಗುರುತಿದ್ದರೆ ಪ್ರತಿ ವರ್ಷವೂ ದುಬಾರಿ ಆಗಿರಬಹುದು.

ಎರಡಕ್ಷರದ ಕೊನೆಗಳೆಲ್ಲ ಯಾವುದೋ ದೇಶಕ್ಕೋ ಪ್ರದೇಶಕ್ಕೋ ಸೇರಿದವು ಎಂಬುದೂ ನೆನಪಿರಲಿ. ‘ಡಾಟ್ ಐಒ’ ಬ್ರಿಟಿಷ್ ಹಿಂದೂ ಮಹಾಸಾಗರ ಪ್ರದೇಶದ್ದು, ‘ಡಾಟ್ ಸಿಒ’ ಕೊಲಂಬಿಯಾದ್ದು, ‘ಡಾಟ್ ಎಂಇ’ ಮಾಂಟೆನೆಗ್ರೊದ್ದು, ‘ಡಾಟ್ ಎಐ’ ಆಂಗ್ವಿಲಾದ್ದು. ಅಲ್ಲಿನ ನಿಯಮಗಳಿಗೆ ನೀವು ಒಳಪಡುತ್ತೀರಿ. 2010ರಲ್ಲಿ ಲಿಬಿಯಾದ ‘ಡಾಟ್ ಎಲ್‌ವೈ’ ನೋಡಿಕೊಳ್ಳುವವರು ಅಲ್ಲಿನ ಕಾನೂನಿಗೆ ವಿರುದ್ಧ ಎಂದು ಒಂದು ಸೇವೆಯ ವಿಳಾಸವನ್ನೇ ಹಿಂತೆಗೆದುಕೊಂಡರು. ಅದೇ ವರ್ಷ ಯುಗೊಸ್ಲಾವಿಯಾದ ‘ಡಾಟ್ ವೈಯು’ ಇಂಟರ್‌ನೆಟ್ಟಿನಿಂದಲೇ ಅಳಿಸಿಹೋಯಿತು, ದೇಶವೇ ಉಳಿದಿರಲಿಲ್ಲವಲ್ಲ. ನೀವಿರುವ ದೇಶದ್ದೇ ಕೊನೆಯಾದರೆ ಈ ಆತಂಕ ಕಡಿಮೆ, ಸ್ಥಳೀಯ ಕ್ಲೈಂಟ್‌ಗಳಿಗೂ ಅದು ಪರಿಚಿತ.

ಹೈಫನ್, ಅಂಕಿ ಸೇರಿಸಿದರೆ?

ನಿಯಮದಲ್ಲಿ ಅವಕಾಶವಿದೆ. ಚುಕ್ಕಿಗಳ ನಡುವಿನ ಒಂದು ಭಾಗ 63 ಅಕ್ಷರದವರೆಗೆ ಇರಬಹುದು, ಹೈಫನ್ ಆದಿಯಲ್ಲೂ ಅಂತ್ಯದಲ್ಲೂ ಬರುವಂತಿಲ್ಲ. ಆದರೆ ‘ನಡುವೆ ಒಂದು ಗೆರೆ ಇದೆ’ ಎಂದು ಫೋನಿನಲ್ಲಿ ಪ್ರತಿ ಸಲ ಹೇಳಬೇಕಾಗುತ್ತದೆ, ‘ಟೂ’ ಎಂದಾಗ ಅಂಕಿಯೋ ಪದವೋ ಎಂಬ ಪ್ರಶ್ನೆ ಬರುತ್ತದೆ. ಎರಡು ಪದ ಕೂಡಿಸಿದಾಗ ಮೊದಲನೆಯದರ ಕೊನೆಯ ಅಕ್ಷರವೂ ಎರಡನೆಯದರ ಮೊದಲ ಅಕ್ಷರವೂ ಒಂದೇ ಆದರೆ ಜನ ಒಂದನ್ನು ನುಂಗುತ್ತಾರೆ: ‘ವೆಬ್’ ಮತ್ತು ‘ಬಣ್ಣ’ ಸೇರಿಸಿದಾಗ ಎರಡು ‘ಬಿ’. ಪದಗಳ ನಡುವೆ ಜಾಗವಿಲ್ಲದೆ ಎಲ್ಲ ಸಣ್ಣ ಅಕ್ಷರದಲ್ಲಿ ಬರೆದು, ಬೇರೆಯವರಿಂದ ಗಟ್ಟಿಯಾಗಿ ಓದಿಸಿ. ಬೇರೆ ಕಡೆ ಮುರಿದರೆ ಮುಜುಗರದ ಅರ್ಥ ಬರುವ ಹೆಸರುಗಳು ನಾವೆಣಿಸಿದ್ದಕ್ಕಿಂತ ಹೆಚ್ಚು.

ಡೊಮೈನ್ ಸಿಕ್ಕಿತು. ಹೆಸರು ನನ್ನದಾಯಿತಲ್ಲವೇ?

ಇಲ್ಲ. ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮೂರು ಬೇರೆ ಬೇರೆ ವಿಷಯಗಳಿವೆ. ಡೊಮೈನ್ ಎನ್ನುವುದು ನೀವು ಬಾಡಿಗೆಗೆ ಹಿಡಿದ ವಿಳಾಸ. ವ್ಯವಹಾರದ ಹೆಸರಿನ ನೋಂದಣಿ ಎನ್ನುವುದು ಸರ್ಕಾರಕ್ಕೆ ನೀವು ಕೊಟ್ಟ ಮಾಹಿತಿ. ಸ್ವಂತ ಹೆಸರಲ್ಲದ ಹೆಸರಿನಲ್ಲಿ ವ್ಯವಹಾರ ಮಾಡುವಾಗ ಇದನ್ನು ಕಡ್ಡಾಯ ಮಾಡಿದ ದೇಶಗಳು ಹಲವು. ಟ್ರೇಡ್‌ಮಾರ್ಕ್ ಎನ್ನುವುದು ಆ ಹೆಸರನ್ನು ಒಂದು ಬಗೆಯ ಕೆಲಸಕ್ಕೆ ಬೇರೆಯವರು ಬಳಸದಂತೆ ತಡೆಯುವ ಹಕ್ಕು. ಮೊದಲ ಎರಡು ನಿಮ್ಮ ಕೈಯಲ್ಲಿದ್ದರೂ ಮೂರನೆಯದು ಬೇರೆಯವರ ಬಳಿ ಇದ್ದರೆ ನೀವು ಹೆಸರು ಬಿಡಬೇಕಾಗಬಹುದು. ಡೊಮೈನನ್ನೂ ಕಳೆದುಕೊಳ್ಳಬಹುದು: ಕೆಟ್ಟ ಉದ್ದೇಶದಿಂದ ಬೇರೆಯವರ ಮಾರ್ಕ್ ಇರುವ ಡೊಮೈನ್ ಹಿಡಿದವರಿಂದ ಅದನ್ನು ಬಿಡಿಸಲು, ಜಗತ್ತಿನ ಡೊಮೈನ್ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 1999ರಲ್ಲೇ ಒಂದು ವಿಧಾನ ತಂದಿದೆ.

ಹುಡುಕುವುದು ಹೇಗೆ? ಟ್ರೇಡ್‌ಮಾರ್ಕ್‌ಗಳನ್ನು ಜಗತ್ತಿನಾದ್ಯಂತ 45 ವರ್ಗಗಳಾಗಿ ವಿಂಗಡಿಸುತ್ತಾರೆ, 1957ರ ನೀಸ್ ಒಪ್ಪಂದದಿಂದ ಬಂದ ಪದ್ಧತಿ. 1ರಿಂದ 34 ಸರಕುಗಳು, 35ರಿಂದ 45 ಸೇವೆಗಳು. ವೆಬ್‌ಸೈಟ್ ಮತ್ತು ಸಾಫ್ಟ್‌ವೇರ್ ವಿನ್ಯಾಸ ಬರುವುದು 42ನೆಯ ವರ್ಗದಲ್ಲಿ. ಜಾಹೀರಾತು, ಮಾರ್ಕೆಟಿಂಗ್ ಕೂಡ ಮಾಡಿಕೊಡುತ್ತೀರಾದರೆ 35 ಕೂಡ ನೋಡಿ. ನಿಮ್ಮ ದೇಶದ ಟ್ರೇಡ್‌ಮಾರ್ಕ್ ಕಚೇರಿಯ ಆನ್‌ಲೈನ್ ಹುಡುಕಾಟದ ಜೊತೆಗೆ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಜಾಗತಿಕ ಬ್ರ್ಯಾಂಡ್ ದತ್ತಾಂಶವನ್ನೂ ಬಳಸಿ, ಅದು ಉಚಿತ. ಅಕ್ಷರಶಃ ಅದೇ ಹೆಸರು ಇಲ್ಲವೆಂದು ಸಮಾಧಾನಪಡಬೇಡಿ. ಗ್ರಾಹಕರಿಗೆ ಗೊಂದಲವಾಗುವಷ್ಟು ಹೋಲಿಕೆ ಇದ್ದರೂ ತಕರಾರು ಬರುತ್ತದೆ, ಉಚ್ಚಾರದ ಹೋಲಿಕೆಯೂ ಲೆಕ್ಕಕ್ಕಿದೆ. ಕಾಗುಣಿತ ಬದಲಿಸಿ, ಸದ್ದು ಮಾತ್ರ ಅದೇ ಇರಲಿ ಎಂದು ಹೊರಟವರು ಅಲ್ಲೂ ಸಿಕ್ಕಿಬೀಳುತ್ತಾರೆ. ನೋಂದಣಿ ಇಲ್ಲದೆ ಬಳಸುತ್ತ ಬಂದ ಹೆಸರಿಗೂ ಎಷ್ಟೋ ದೇಶಗಳಲ್ಲಿ ಹಕ್ಕಿದೆ. ಆದ್ದರಿಂದ ಸಾಮಾನ್ಯ ಹುಡುಕಾಟವನ್ನೂ ಹತ್ತು ಪುಟ ಆಳಕ್ಕೆ ಮಾಡಿ.

ಹಾಗಾದರೆ ನಾನೂ ಟ್ರೇಡ್‌ಮಾರ್ಕ್ ಮಾಡಿಸಬೇಕೇ?

ಮೊದಲ ದಿನವೇ ಬೇಕಿಲ್ಲ. ಹುಡುಕುವುದು ಮಾತ್ರ ಮೊದಲ ದಿನವೇ ಆಗಬೇಕು. ಹೆಸರಿನಿಂದಲೇ ಕೆಲಸ ಬರುತ್ತಿದೆ, ಅದನ್ನು ಕಳೆದುಕೊಂಡರೆ ಪೆಟ್ಟಾಗುತ್ತದೆ ಎನಿಸಿದ ದಿನ ವಕೀಲರನ್ನು ಕಾಣಿ.

ಒಪ್ಪಂದ, ಬಿಲ್ ಯಾವ ಹೆಸರಿನಲ್ಲಿ ಇರಬೇಕು?

ಕಂಪನಿಯಾಗಿ ನೋಂದಾಯಿಸದಿದ್ದರೆ ಆ ವ್ಯವಹಾರದ ಹೆಸರಿಗೆ ಕಾನೂನಿನ ಕಣ್ಣಲ್ಲಿ ಪ್ರತ್ಯೇಕ ಅಸ್ತಿತ್ವವಿಲ್ಲ. ಸಹಿ ಹಾಕುವುದು ನೀವು, ಹೊಣೆ ನಿಮ್ಮದು. ಒಪ್ಪಂದದಲ್ಲಿ ನಿಮ್ಮ ಪೂರ್ಣ ಹೆಸರು, ಪಕ್ಕದಲ್ಲಿ ‘ಇಂಥ ಹೆಸರಿನಲ್ಲಿ ವ್ಯವಹರಿಸುವ’ ಎಂದು ವ್ಯವಹಾರದ ಹೆಸರು ಇರಲಿ. ಬಿಲ್ಲಿನ ಹೆಸರೂ ಬ್ಯಾಂಕ್ ಖಾತೆಯ ಹೆಸರೂ ಬೇರೆಯಾದರೆ ಕ್ಲೈಂಟ್‌ನ ಲೆಕ್ಕಪತ್ರ ವಿಭಾಗ ಹಣವನ್ನು ತಡೆದುಬಿಡುತ್ತದೆ, ಅದನ್ನು ಮೊದಲೇ ಸರಿಪಡಿಸಿಕೊಳ್ಳಿ.

ಸೋಷಿಯಲ್ ಮೀಡಿಯಾ ಹ್ಯಾಂಡಲ್‌ಗಳೂ ಒಂದೇ ಇರಬೇಕೇ?

ಇದ್ದರೆ ಚೆನ್ನ. ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) ಹ್ಯಾಂಡಲ್, ಅಂದರೆ ಖಾತೆಯ ಹೆಸರು, 15 ಅಕ್ಷರ ಮೀರುವಂತಿಲ್ಲ, ಇನ್‌ಸ್ಟಾಗ್ರಾಮ್‌ನಲ್ಲಿ 30, ಗಿಟ್‌ಹಬ್‌ನಲ್ಲಿ 39. ಹಾಗಾಗಿ 15ರೊಳಗೆ ಮುಗಿಯುವ ಹೆಸರು ಎಲ್ಲ ಕಡೆ ಹಿಡಿಸುತ್ತದೆ. ಒಂದು ಕಡೆ ಸಿಗದಿದ್ದರೆ ಎಲ್ಲ ಕಡೆಯೂ ಒಂದೇ ಬಾಲ ಸೇರಿಸಿ. ಇದಕ್ಕಾಗಿ ಒಳ್ಳೆಯ ಹೆಸರನ್ನು ಕೈಬಿಡಬೇಡಿ.

ಯಾರ ಅಭಿಪ್ರಾಯ ಕೇಳಲಿ?

ಮನೆಯವರು, ಸ್ನೇಹಿತರು ನಿಮ್ಮನ್ನು ಖುಷಿಪಡಿಸಲು ನೋಡುತ್ತಾರೆ. ಬೇರೆ ಡಿಸೈನರ್‌ಗಳು ತಮ್ಮ ರುಚಿ ಹೇಳುತ್ತಾರೆ. ನಿಮಗೆ ಹಣ ಕೊಡಬಹುದಾದ ಇಬ್ಬರು ಮೂವರನ್ನು ಕೇಳಿ, ಅದೂ ‘ಇಷ್ಟವಾಯಿತೇ?’ ಎಂದಲ್ಲ. ‘ಈ ಹೆಸರಿನವರು ಏನು ಕೆಲಸ ಮಾಡುತ್ತಾರೆ, ದುಬಾರಿಯೋ ಅಗ್ಗವೋ, ಒಬ್ಬರೋ ಹಲವರೋ?’ ಎಂದು ಕೇಳಿ. ಅವರ ಊಹೆಗಳಲ್ಲಿ ನಿಮಗೆ ಬೇಕಾದ ಉತ್ತರವಿರುತ್ತದೆ.

ಡೊಮೈನ್ ಕೊಳ್ಳುವಾಗ ಏನು ಗಮನಿಸಬೇಕು?

ಮೊದಲು ಅದರ ಪೂರ್ವ ವೃತ್ತಾಂತ. ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷಿನ್‌ನಲ್ಲಿ ವಿಳಾಸ ಹಾಕಿದರೆ ಅಲ್ಲಿ ಹಿಂದೆ ಏನಿತ್ತು ಎಂದು ಕಾಣುತ್ತದೆ. ಜೂಜು, ಮೋಸದ ಪುಟಗಳಿದ್ದ ಡೊಮೈನ್ ಆಗಿದ್ದರೆ ನೀವು ಕಳಿಸುವ ಇಮೇಲ್‌ಗಳೂ ಸ್ಪ್ಯಾಮ್‌ಗೆ ಬೀಳಬಹುದು. ನೋಂದಣಿ ನಿಮ್ಮದೇ ಖಾತೆಯಲ್ಲಿ ಇರಲಿ, ಆ ಖಾತೆಯ ಇಮೇಲ್ ಅದೇ ಡೊಮೈನಿನದು ಆಗಿರದಿರಲಿ. ಡೊಮೈನ್ ನಿಂತ ದಿನ ಅದನ್ನು ಉಳಿಸಿಕೊಳ್ಳಲು ಬೇಕಾದ ಪತ್ರವೂ ಅಲ್ಲಿಗೇ ಬರುತ್ತಿದ್ದರೆ ಏನು ಮಾಡುತ್ತೀರಿ? ಸ್ವಯಂ ನವೀಕರಣ ಹಾಕಿ, ಆದರೆ ಕಾರ್ಡಿನ ಅವಧಿಯನ್ನೂ ನೋಡಿಕೊಳ್ಳಿ. ಡಾಟ್ ಕಾಮ್ ಡೊಮೈನ್ ಅವಧಿ ಮೀರಿ ಅಳಿಸಿದ ಮೇಲೆಯೂ 30 ದಿನ ಬಿಡಿಸಿಕೊಳ್ಳಬಹುದು, ದಂಡ ಮಾತ್ರ ಜೋರು. ಒಮ್ಮೆಗೆ ಗರಿಷ್ಠ 10 ವರ್ಷಕ್ಕೆ ಹಣ ಕಟ್ಟಬಹುದು.

ಹೆಸರು ಇಟ್ಟು ಎರಡು ವರ್ಷವಾಯಿತು, ಈಗ ಬದಲಾಯಿಸಬೇಕು ಎನಿಸುತ್ತಿದೆ.

ಬೇಸರವೇ ಕಾರಣವಾದರೆ ಬದಲಾಯಿಸಬೇಡಿ. ಹೆಸರನ್ನು ದಿನಾ ನೋಡುವವರು ನೀವು, ಕ್ಲೈಂಟ್‌ಗೆ ಅದು ಇನ್ನೂ ಹೊಸದೇ. ಜನ ತಪ್ಪಾಗಿ ಬರೆಯುತ್ತಿದ್ದಾರೆ, ಬೇರೆಯವರೊಡನೆ ಗೊಂದಲವಾಗುತ್ತಿದೆ, ಮಾಡುವ ಕೆಲಸವೇ ಬದಲಾಗಿದೆ ಎಂದಾದರೆ ಬೇಗ ಬದಲಾಯಿಸಿ. ತಡವಾದಷ್ಟೂ ಕಷ್ಟ ಹೆಚ್ಚು.

ಹಳೆಯ ಪ್ರತಿ ಪುಟವನ್ನೂ ಹೊಸ ಸೈಟಿನ ಅದೇ ಪುಟಕ್ಕೆ, ವಿಳಾಸ ಶಾಶ್ವತವಾಗಿ ಬದಲಾಯಿತೆಂದು ತಿಳಿಸುವ 301 ರೀಡೈರೆಕ್ಟ್‌ನಿಂದ ತಿರುಗಿಸಿ, ಎಲ್ಲವನ್ನೂ ಮುಖಪುಟಕ್ಕೆ ತಳ್ಳಬೇಡಿ. ಸೈಟ್ ಮಾಲೀಕರಿಗೆಂದೇ ಇರುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಬದಲಾವಣೆ ತಿಳಿಸಿ. ರೀಡೈರೆಕ್ಟ್ ಕನಿಷ್ಠ ಒಂದು ವರ್ಷ ಇರಲಿ. ಹಳೆಯ ಇಮೇಲ್‌ಗೆ ಬಂದದ್ದು ಹೊಸದಕ್ಕೆ ತಲುಪುವಂತೆ ಮಾಡಿ. ಕಟ್ಟಿಕೊಟ್ಟ ಸೈಟುಗಳ ಅಡಿಯಲ್ಲಿ ನಿಮ್ಮ ಹೆಸರಿನ ಕೊಂಡಿ ಇದ್ದರೆ ಕ್ಲೈಂಟ್‌ಗಳಿಗೆ ಒಬ್ಬೊಬ್ಬರಾಗಿ ಬರೆದು ಬದಲಾಯಿಸಿ. ಆ ಪತ್ರದ ನೆಪದಲ್ಲಿ ಹಳೆಯ ಪರಿಚಯವೂ ಮತ್ತೆ ಚಿಗುರುತ್ತದೆ, ನನಗೆ ಹಾಗೆ ಎರಡು ಕೆಲಸ ಸಿಕ್ಕಿದೆ.

ಹಳೆಯ ಡೊಮೈನನ್ನು ಮಾತ್ರ ಬಿಟ್ಟುಕೊಡಬೇಡಿ, ವರ್ಷ ವರ್ಷ ಹಣ ಕಟ್ಟಿ ಇಟ್ಟುಕೊಳ್ಳಿ. ಅದು ಬೇರೆಯವರ ಕೈ ಸೇರಿದರೆ ಆ ಹಳೆಯ ವಿಳಾಸಕ್ಕೆ ಬರುವ ಪಾಸ್‌ವರ್ಡ್ ರೀಸೆಟ್ ಪತ್ರಗಳೂ ಅವರಿಗೇ ಹೋಗುತ್ತವೆ. ಕ್ಲೈಂಟ್‌ಗಳ ಹೋಸ್ಟಿಂಗ್ ಖಾತೆಗಳಲ್ಲಿ ಎಷ್ಟನ್ನು ನೀವು ಆ ವಿಳಾಸದಿಂದ ತೆರೆದಿದ್ದಿರಿ ಎಂದು ಇವತ್ತೇ ಕುಳಿತು ಪಟ್ಟಿ ಮಾಡಿ.